ಕುರಿತಲೆ ಯಾರ ಮನೆಗೆ

...ಅಲ್ಲ ಕಣೋ ಅಶ್ವತ್ಥ್, ಏಸಿ ಜಾಸ್ತಿ ಮಾಡಿದ್ರೂ ನಂಗೆ ಬೆವರು ನಿಲ್ತಿಲ್ಲ. ಈ ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಾಕ್ಕೊಂಡ್ರೆ ಮುಗೀತು. ಆರ್.ಟಿ. ನಗರದ ಹಾಲ್‌ನಲ್ಲಿ ಎಲೆ ಹಾಕ್ಕೊಂಡು ಕಾಯ್ತಿರ್ತಾರೆ. ಊರಲ್ಲಿ ನಮ್ಮ ಎದುರು ಪಾರ್ಟಿ, ಆ ಬಾಲರಾಜನ ಕಡೆಯೋರೂ ಬಂದವ್ರಂತೆ. ಬರ್ಲಿ. ಇಷ್ಟು ದಿನ ನಿನ್ನ ಎಳೇ ಹುಡುಗ ಅಂತ ಮೂಗು ಮುರಿದೋರು, ಇವತ್ತು ರಾಜಿ ಊಟ ಹಾಕಿ ಕೊಡಿಗೇಹಳ್ಳಿ ಯಜಮಾನಿಕೆ ಕೋಲು ನಿನ್ನ ಕೈಗೆ ಕೊಡ್ತಾರೆ. ನಿಮ್ಮಪ್ಪ ಹಿಡಿದಿದ್ದ ಕೋಲು. ನಾನಿದೀನಲ್ಲ, ಸ್ವಂತ ಚಿಕ್ಕಪ್ಪ.

ಎಲ್ಲಿಗೆ ನಿಲ್ಸಿದ್ದೆ? ಹಾಂ, ಆ ಸ್ಕಾಟ್ಲೆಂಡ್ ಹುಡುಗ. ವಿಲಿಯಂ ಡಗ್ಲಾಸ್. ನನ್ನ ಮಗಳು ನಂದಿತಾ ಕಾಲೇಜಲ್ಲಿ ಸೆಮಿನಾರ್ ಕೊಡ್ಬೇಕು ಅಂತ ಮನೇಲಿ ದಿನಾ ಇದೇ ಪಾಠ. ಊಟಕ್ಕೆ ಕೂತ್ರೂ ಇದೇ. ಆರ್ನೂರು ವರ್ಷದ ಹಿಂದಿನ ಮಾತು. ಅಪ್ಪ ಸತ್ತ, ಎಳೇ ವಯಸ್ಸಲ್ಲೇ ಇಡೀ ಪಾಳೇಪಟ್ಟು ಹುಡುಗನ ತಲೆ ಮೇಲೆ ಬಿತ್ತು. ...ಹೂಂ, ನಿನ್ನಂಗೇ. ಬೇಡ, ನಿನ್ನಂಗಲ್ಲ, ಅವನಿಗೆ ಹದಿನಾರು ಅಷ್ಟೇ. ಹೊರಟ್ರೆ ಹಿಂದೆ ಕುದುರೆ ಸಾಲಂತೆ, ರಾಜನಿಗಿಂತ ಜೋರು. ರಾಜ ಇನ್ನೂ ಹತ್ತು ವರ್ಷದ ಮಗು ಬಿಡು, ಆಳ್ತಿದ್ದೋರು ಮಂತ್ರಿಗಳು. ಅವ್ರಿಗೆ ಹೊಟ್ಟೆ ಉರಿ. ಕರೆದ್ರು. ಎಲ್ಲಿಗೆ? ಎಡಿನ್‌ಬರೋ ಕೋಟೆಗೆ, ಊಟಕ್ಕೆ. ಇವನು ನಂಬಿ ತಮ್ಮನ್ನೂ ಕರ್ಕೊಂಡು ಹೋದ.

ಪುಟ್ಟ ರಾಜನಿಗೆ ಇವನನ್ನ ಕಂಡ್ರೆ ಪ್ರಾಣ. ಇಬ್ರೂ ನಗ್ತಾ ಉಣ್ತಾವ್ರೆ. ಆಗ ತಂದಿಟ್ರಂತೆ ತಟ್ಟೇಲಿ, ಕರೀ ಗೂಳಿ ತಲೆ. ಅಲ್ಲಿ ಅದನ್ನಿಟ್ರೆ ಸಾವು ಅಂತ ಅರ್ಥವಂತೆ. ರಾಜದ್ರೋಹ ಅಂದ್ರು, ಎಳ್ಕೊಂಡು ಹೋದ್ರು, ಅಣ್ಣ ತಮ್ಮ ಇಬ್ರ ಕತ್ತೂ ತೆಗೆದ್ರು. ರಾಜ ಬೇಡ ಬೇಡ ಅಂತ ಅತ್ತನಂತೆ. ಮಗು ಮಾತು ಯಾರು ಕೇಳ್ತಾರೆ.

ಯಾಕೆ ನಗ್ತೀಯ? ...ಓ, ತಲೆಗಾ. ನಮ್ಮಲ್ಲಿ ಉಲ್ಟಾ ಬಿಡು. ಊರಲ್ಲಿ ಕುರಿ ಕಡಿದ್ರೆ ತಲೆ ಯಜಮಾನನ ಮನೆಗೇ ಹೋಗ್ಬೇಕು, ಅದು ಮರ್ಯಾದೆ. ನಿಮ್ಮಪ್ಪ ಇರೋವರ್ಗೂ ನಿಮ್ಮ ಹಿತ್ಲಲ್ಲಿ ತಲೆ ಸುಡೋ ವಾಸ್ನೆ ಬಂದ್ರೆ ನಾನು ಗೋಡೆ ಈಚೆ ನಿಂತ್ಕೊಂಡು... ಏನಿಲ್ಲ. ಹಸಿವಾಗೋದು, ಅಷ್ಟೇ. ಇವತ್ತು ಊಟಕ್ಕೆ ಕಡಿದಿರೋ ಕುರಿ ತಲೇನೂ ನಿಮ್ಮಮ್ಮನ ಕೈಗೇ ಬರುತ್ತೆ, ಸರಳತ್ತಿಗೆ ಕೈಗೇ.

ಏನಂದೆ? ಆಮೇಲೆ ಪಾಳೇಪಟ್ಟು ಯಾರಿಗೆ ಹೋಯ್ತು ಅಂತಾನಾ? ಯಾರಿಗೋ. ಮುಂದೆ ತಗೋ, ಬಸ್ಸು ಜಾಗ ಬಿಡ್ತು. ...ಮನೇಲೇ ಯಾರಿಗೋ ಕಣೋ. ತಾತನ ತಮ್ಮನಿಗೆ. ಚಿಕ್ಕಪ್ಪ ಅಲ್ಲ ಮತ್ತೆ, ತಾತನ ತಮ್ಮ. ಭಾರಿ ದಪ್ಪ ಇದ್ನಂತೆ. ಆ ಊಟದ ಸಂಚು ಅವನಿಗೆ ಮೊದ್ಲೇ ಗೊತ್ತಿತ್ತು ಅಂತ ಆಡ್ಕೊಂಡ್ರಂತೆ. ಆಡ್ಕೊಳ್ಳೋರಿಗೇನು. ಹುಡುಗನಿಗೆ ವಯಸ್ಸು ಸಾಲ್ದು, ಹಿರೀಕ ಅಂತ ಒಬ್ಬ ಬೇಕಲ್ಲ. ಅವನೂ ಎಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡ್ತಾನೆ? ...ನನ್ನ ಮುಖ ಏನ್ ನೋಡ್ತೀಯ, ರೋಡ್ ನೋಡು.

ಇರು, ನನ್ನ ಫೋನು. ನಿಮ್ಮ ಚಿಕ್ಕಮ್ಮ. ಹಲೋ... ಏನೇ ಗೋಪಾಲಮ್ಮ? ...ಏನು ಬಂದೈತೆ? ಕುರಿತಲೆ? ನಮ್ಮನೆಗಾ? ...ಬಾಲರಾಜ ಕಳ್ಸಿದ್ನಾ? ಊಟ ಮುಗಿದ ಮೇಲೆ ಕಳ್ಸು ಅಂತ ಹೇಳಿದ್ದೆನಲ್ಲ ಅವನಿಗೆ... ಇಡು. ಇಡೇ ಫೋನು, ಹುಡುಗ ಪಕ್ಕದಲ್ಲೇ ಅವ್ನೆ.

ಅದು... ಮನೆ ತಪ್ಪಿ ಕೊಟ್ಟಿರ್ಬೇಕು. ನಿಮ್ಮನೆಗೂ ನಮ್ಮನೆಗೂ ಒಂದೇ ಗೋಡೆ ತಾನೆ.

ಅಶ್ವತ್ಥ್?

ಕೇಳಿಲ್ಲಿ. ನಿನ್ನನ್ನ ಯಾರೂ ಏನೂ ಮಾಡಲ್ಲ. ಊಟ ಹಾಕಿ, ಕೋಲು ನಿಮ್ಮ ಚಿಕ್ಕಪ್ಪ ಮುನಿಯಲ್ಲಪ್ಪನ ಹತ್ರ ಇರ್ಲಿ ಅಂತಾರೆ, ನೀನು ಹೂಂ ಅಂದ್ರೆ ಮುಗೀತು. ಹಿರಿಯರ ಎದುರು ನೀನು ಊಹೂಂ ಅನ್ನಲ್ಲ ಅಂತ ನಾನೇ ಅವ್ರಿಗೆ... ಏನಾದ್ರೂ ಅನ್ನೋ. ಬೈಯಿ. ಕಾರು ತಿರುಗಿಸು, ಮನೆಗೆ ಹೋಗೋಣ. ತಲೆ ನಾನೇ ತಂದು ಅತ್ತಿಗೆಗೆ ಕೊಡ್ತೀನಿ. ...ಇಲ್ಲಿ ಎಡಕ್ಕೆ ಯಾಕೆ? ಇದು ಹಾಲ್ ರೋಡು. ಬೇಡ ಕಣೋ, ಊಟಕ್ಕೆ ಹೋಗೋದು ಬೇಡ ಅಂತಿದೀನಲ್ಲ.

ಬಂದೇ ಬಿಟ್ವಾ. ಬಾಗಿಲಲ್ಲೇ ನಿಂತವ್ರೆ ಎಲ್ಲಾ. ಇಳೀಬೇಡ, ಇರು... ಇತ್ತ ಕಡೆ ಯಾಕೆ ಬರ್ತೀಯ? ನನ್ನ ಬಾಗಿಲು ನೀನ್ಯಾಕೆ ತೆಗೀತೀಯ ಮಗಾ? ನಿಮ್ಮಪ್ಪ ಯಜಮಾನಿಕೆ ಕೋಲು ಹಿಡಿದು ಇಳಿಯೋವಾಗ ಇಂಗೇ ತೆಗೆದು, ಇಂಗೇ ಕೈಕಟ್ಕೊಂಡು ನಿಲ್ತಿದ್ದೆ ನೀನು... ಬೇಡ. ಅವರೆಲ್ಲ ನೋಡ್ತಾವ್ರೆ. ಬಾಗಿಲು ಹಾಕು. ಅಶ್ವತ್ಥ್, ಹಾಕೋ.