ಬಾರ್ಟೆನೆ ಎಂಬ ಹೆಸರು

ಬೇಕಾದ್ರೆ ಲೈಟು ಹಾಕಿಕೊಳ್ಳಿ ಮಾರಾಯ್ರೆ, ಸುಳ್ಳು ಅಂತ ಮಾತ್ರ ಹೇಳಬೇಡಿ. ನನ್ನ ಚಿಕ್ಕಪ್ಪನ ಮಗ ಜೋಶುವಾನಿಗೇ ಆದದ್ದು ಇದು. ಹೋದ ನವೆಂಬರಿನಲ್ಲಿ, ಅಬ್‌ಸ್ಟಾಟ್‌ನಿಂದಾಚೆ ಒಂದು ಹಳ್ಳಿಯಲ್ಲಿ. ನಡುರಾತ್ರಿಯೂ ಅಲ್ಲ, ಸಂಜೆ ಐದೂವರೆ. ಜರ್ಮನಿಯ ನವೆಂಬರಿಗೆ ಅಷ್ಟು ಸಾಕು, ಕಣ್ಣಿಗೆ ಬೆರಳಿಟ್ಟರೂ ಕಾಣದಷ್ಟು ಕತ್ತಲೆ. ಬಸ್‌ಸ್ಟಾಪಿನ ದಾರಿಯಲ್ಲಿ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ. ಅದರ ಹತ್ತಿರ ಅವನು ನಿಂತ...

ಯಾಕೆ ನಿಂತ? ಹೇಳ್ತೇನೆ. ಅವನ ತಾಯಿಯ ತಾಯಿ ಸರಸಮ್ಮ, ಉಡುಪಿಯಲ್ಲಿ, ಎಂಬತ್ತೊಂಬತ್ತು ವಯಸ್ಸು, ಹಾಸಿಗೆ ಹಿಡಿದಿದ್ದರು. ಅವರಿಗೊಬ್ಬಳು ದೊಡ್ಡಮ್ಮ, ಸುಗಂಧಿ ಅಂತ. ಹಂಚಿನ ಕಾರ್ಖಾನೆಯ ಒಬ್ಬ ಜರ್ಮನ್ ದೊರೆ ಊರಿಗೆ ಮರಳುವಾಗ, ಮಗು ನೋಡಿಕೊಳ್ಳಲಿಕ್ಕೆ ಅಂತ ಹದಿನಾಲ್ಕರ ಆ ಹುಡುಗಿಯನ್ನು ಹಡಗು ಹತ್ತಿಸಿದ. ಆಮೇಲೆ ಸುದ್ದಿಯೇ ಇಲ್ಲ. ನೂರು ವರ್ಷ ದಾಟಿತು. ಸಾಯುವ ಮೊದಲು ಸರಸಮ್ಮನಿಗೆ ಒಂದೇ ಆಸೆ, ದೊಡ್ಡಮ್ಮನ ಸಮಾಧಿ ಎಲ್ಲಿ ಅಂತ ಗೊತ್ತಾಗಬೇಕು. ಪ್ರತಿ ಆದಿತ್ಯವಾರ ಫೋನಿನಲ್ಲಿ ಅದೇ ಪ್ರಶ್ನೆ, "ಸಿಕ್ಕಿದ್ಳಾ ಮಗಾ?"

ಪಾಪದ ಹುಡುಗ. ಶ್ವೀಬರ್ಡಿಂಗೆನ್‌ನಲ್ಲಿ ವಾರವಿಡೀ ಕೆಲಸ, ಶುಕ್ರವಾರ ರಜೆ ಹಾಕಿ ಆ ದೊರೆಯ ಹಳ್ಳಿಯ ರಾಟ್‌ಹೌಸಿಗೆ, ಅಂದ್ರೆ ಪಂಚಾಯತ್ ಆಫೀಸಿಗೆ, ಓಟ. ಅಲ್ಲಿ ಊರಿನ ಹಳೇ ಪತ್ರಿಕೆಗಳನ್ನು ರಟ್ಟು ಹಾಕಿ ಇಟ್ಟಿದ್ದಾರೆ. ಮುಳ್ಳು ಮುಳ್ಳಿನ ಅಕ್ಷರ, ಓದುವಾಗ ತಲೆ ತಿರುಗ್ತದೆ. ಎಂಟು ತಿಂಗಳು 'ಸುಗಂಧಿ' ಅಂತ ಹುಡುಕಿದ. ಇಲ್ಲವೇ ಇಲ್ಲ. ಆವತ್ತು ಮುಚ್ಚುವ ಹೊತ್ತಿಗೆ, ಪತ್ರಿಕೆ ನೋಡಿಕೊಳ್ಳುವ ಹೆಂಗಸು ೧೯೧೧ರ ಒಂದು ಮೂಲೆಸುದ್ದಿಗೆ ಬೆರಳಿಟ್ಟು ನಿಧಾನ ಓದಿದಳು. ದೊರೆಯ ಮನೆಯ ಇಂಡಿಯಾದ ಕೆಲಸದ ಹುಡುಗಿ ಸಂಜೆ ನೀರಿಗೆ ಹೋದವಳು ಮರಳಲಿಲ್ಲ. ದಾರಿಯಲ್ಲಿ ಎದುರಾದ ನೆರೆಮನೆಯಾಕೆಗೆ ತನ್ನ ಹೆಸರು ಹೇಳಿ ಮುಂದೆ ಹೋದಳಂತೆ. ಹೆಸರು, ಬಾರ್ಟೆನೆ. ಮುಂದಿನ ವಾರದ ಪತ್ರಿಕೆಯಲ್ಲಿ ಎರಡೇ ಸಾಲು. ಹುಡುಕಾಟ ನಿಲ್ಲಿಸಲಾಗಿದೆ. ಬಾವಿಗೆ ಮುಚ್ಚಳ ಹಾಕಲಾಗಿದೆ.

ಜೋಶುವಾ ಅಕ್ಷರ ಬಿಡಿಸಿ ನೋಡಿದ. ಬಿ, ಎ, ಆರ್, ಟಿ, ಎಚ್... ಜರ್ಮನ್ ನಾಲಿಗೆಗೆ ಬಾರ್ಟೆನೆ. ನಮ್ಮ ನಾಲಿಗೆಗೆ? ಬರ್ತೇನೆ! ಅದು ಹೆಸರಲ್ಲ ಮಾರಾಯ್ರೆ, ಊರಲ್ಲಿ ಕಲಿತ ಮರ್ಯಾದೆ. ಹೊರಡುವಾಗ 'ಹೋಗ್ತೇನೆ' ಅನ್ನಬಾರದಲ್ಲ, ಅದಕ್ಕೆ ಹಾಗೆ ಹೇಳಿ ಹೋಗಿದ್ದಾಳೆ. ಅರ್ಥ ಆಗುವ ಕಿವಿ ಆ ಊರಲ್ಲಿ ಒಂದೂ ಇರಲಿಲ್ಲ.

ಅದಕ್ಕೇ ಅವನು ಬಾವಿಯ ಹತ್ತಿರ ನಿಂತದ್ದು. ಟೊಪ್ಪಿ ತೆಗೆದು ಪ್ರಾರ್ಥನೆ ಮಾಡಿದ. ಸಮಾಧಿ ಅಂತ ಎಂಥದೂ ಇಲ್ಲ, ಅಜ್ಜಿಗೆ ಏನು ಹೇಳುವುದು? ಹೊರಡುವಾಗ ಸುಗಂಧಿಯಜ್ಜಿಗೆ, ಅಭ್ಯಾಸ ನೋಡಿ... ಬಾಯಿಗೆ ಬಂದೇಬಿಟ್ಟಿತು.

"ಬರ್ತೇನೆ ಅಜ್ಜೀ."

ನಾಲ್ಕು ಹೆಜ್ಜೆ ಹೋದ ಮೇಲೆ ನೆನಪಾಯಿತು. ಸಾವಿನ ಮನೆಯಿಂದ ಏಳುವಾಗ ಆ ಮಾತು ಆಡಬಾರದು. ಸುಮ್ಮನೆ ಎದ್ದು ಬರಬೇಕು. ಅಷ್ಟರಲ್ಲಿ ಹಿಂದೆ... ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಅಲ್ಲಿ ರಾಟೆಯೇ ಇಲ್ಲ. ಕೊಡ ಕಲ್ಲಿಗೆ ತಾಗಿದ ಹಾಗೆ, ಠಣ್. ಒಂದೇ ಸಲ. ಆಮೇಲೆ ಮುಚ್ಚಳದ ಕೆಳಗಿನಿಂದ, ಪಿಸುಪಿಸು, ಒಂದು ಹುಡುಗಿಯ ಸ್ವರ.

"ನಾನೂ... ಬರ್ತೇನೆ."

ಓಡಿದ. ಬಸ್ಸು ಹತ್ತುವ ತನಕ ತಿರುಗಿ ನೋಡಲಿಲ್ಲ.

ಆದಿತ್ಯವಾರ ಅಜ್ಜಿಗೆ ಪತ್ರಿಕೆಯ ಸುದ್ದಿಯಷ್ಟೇ ಹೇಳಿದ. ಸರಸಮ್ಮ, "ಬರ್ತೇನೆ ಅಂದಿದ್ದಾಳಲ್ಲ, ಬರ್ತಾಳೆ. ಜಗಲಿಯ ಲೈಟು ಆರಿಸಬೇಡಿ," ಅಂದರು. ಎರಡು ತಿಂಗಳು ಆ ಲೈಟು ಉರಿಯಿತು. ಜನವರಿಯಲ್ಲಿ, ಬಾಗಿಲು ನೋಡುತ್ತಲೇ ತೀರಿಕೊಂಡರು. ಯಾರೂ ಬರಲಿಲ್ಲ.

ಉಡುಪಿಗೆ ಬರಲಿಲ್ಲ ಅಂತ ಮಾತ್ರ ಹೇಳಿದೆ.

ಮಾರ್ಚಿನಲ್ಲಿ ನಾನು ಜರ್ಮನಿಗೆ, ಜೋಶುವಾನ ಮನೆಗೆ ಹೋಗಿದ್ದೆ. ಅಲ್ಲೆಲ್ಲ ಬೀದಿಬಾಗಿಲಿನ ಬೆಲ್ಲಿನ ಪಕ್ಕ ಮನೆಯವರ ಹೆಸರು ಇರ್ತದೆ. ಬೆಲ್ಲು ಒತ್ತಿದರೆ ಮೇಲೆ ಮನೆಯೊಳಗಿದ್ದವರು ಒಂದು ಗುಂಡಿ ಒತ್ತಿ ಕೆಳಗಿನ ಬಾಗಿಲು ತೆರೀತಾರೆ. ಅವನ ಹೆಸರಿನ ಕೆಳಗೆ, ಅದೇ ಬೆಲ್ಲಿಗೆ, ಮುಳ್ಳು ಮುಳ್ಳಿನ ಹಳೇ ಅಕ್ಷರದಲ್ಲಿ ಇನ್ನೊಂದು ಹೆಸರು, ಬಾರ್ಟೆನೆ. ಹೌಸ್‌ಮೈಸ್ಟರ್, ಆ ಕಟ್ಟಡ ನೋಡಿಕೊಳ್ಳುವವನು, ತಾನು ಅಂಟಿಸಿಲ್ಲ ಅಂತಾನೆ. ಜೋಶುವಾ ಮೂರು ಸಲ ಕಿತ್ತು ಹಾಕಿದನಂತೆ, ಈಗ ಬಿಟ್ಟಿದ್ದಾನೆ. ನಾನು ನಂಬಲಿಲ್ಲ, ತಮಾಷೆಗೆ ಬೆಲ್ಲು ಒತ್ತಿದೆ. ಬೈಬಲ್ ಮುಟ್ಟಿ ಹೇಳ್ತೇನೆ, ಈ ಬೆರಳಿನಲ್ಲೇ. ಮೇಲೆ ಯಾರೋ ಗುಂಡಿ ಒತ್ತಿದರು. ಝೊಂಯ್ಯ್... ಅಂತ ಬಾಗಿಲು ತೆರೆಯಿತು.

ಆ ಮನೆಯಲ್ಲಿರುವುದು ಜೋಶುವಾ ಒಬ್ಬನೇ. ಅವನು ಆಗ ನನ್ನ ಪಕ್ಕದಲ್ಲೇ ನಿಂತಿದ್ದ, ಕೀಲಿಕೈ ಹಿಡಿದುಕೊಂಡು.