ಕರಡಿಯ ತೊಗಲು

ಹಾವೇರಿಯ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ನಿರ್ಮಲಾಳ ಪಕ್ಕದಲ್ಲೇ ತಾಯಿ, ಮಗ ಪಿಸುಮಾತಿಗಿಳಿದಿದ್ದರು.

“ಕರಡಿ ತೊಗಲು ಎಲ್ಲಿಟ್ಟೀಯೋ ಕೊಟ್ರೇಶ?”

“ಅಟ್ಟದ ಮ್ಯಾಲೈತಿ ಯವ್ವಾ. ಉಪ್ಪು ಹಚ್ಚೇನಿ, ಗಿರಾಕಿ ನೋಡಾಕತ್ತೇನಿ.”

“ಮಾರಬ್ಯಾಡ. ಇವತ್ತ ಹುಗದ ಬಿಡು.”

“ಆ ಕರಡಿ ಅಪ್ಪನ ಮಾರಿ ಹೆಂಗ ಹರದೈತಿ, ನೋಡಿಲ್ಲೇನು? ಅದಕ್ಕ್ಯಾಕ ಮರುಗ್ತಿ?”

“ನಿಮ್ಮಪ್ಪನೇ ಬ್ಯಾಟಿಗೆ ಹೋಗಿದ್ದ. ಅದೇನ್ ನಮ್ಮನಿಗೆ ಬಂದಿತ್ತೇನು?”

ತಾಯಿಯ ದನಿ ಇನ್ನೂ ತಗ್ಗಿತು.

“ನೀ ಸುಲಿಯೋವಾಗ ಕಾಲು ಹಿಡಕೊಂಡಾಕಿ ನಾನು. ಅದರ ಮೊಲಿಯಿಂದ ಹಾಲು ಸುರೀತಪ್ಪಾ.”

ನಿರ್ಮಲಾ ಅವರತ್ತ ತಿರುಗದೆ ಕುಳಿತಳು.

“ಹಂಗಾರ ಮರಿ?”

“ಗುಡ್ಡದಾಗ ಎಲ್ಲಿ ಒದರಾಕತ್ತಾವೋ ಏನೋ.”

ಒಳಗಿನಿಂದ ನರ್ಸ್ ಸೋಮಣ್ಣನ ಕಡೆಯವರನ್ನು ಕೂಗಿದಳು. ಇಬ್ಬರೂ ಎದ್ದರು.

“ಅಪ್ಪ ದಿನಾ ತೊಗಲು ತಂದು ತೋರಸಂತಾನ. ಏನ್ ಹೇಳ್ಲಿ?”

“ನಾಯಿ ಎಳಕೊಂಡ ಹೋದುವಂತ ಹೇಳು,” ಎನ್ನುತ್ತ ತಾಯಿ ಕಣ್ಣೊರೆಸಿಕೊಂಡು ಒಳಗೆ ಹೋದಳು.