ನೆಟ್ಟಗೆ ನಿಂತವಳು

ರಾತ್ರಿ. ಅಂಗಡಿ ಬೀದಿಯ ಷಟರ್‌ಗಳೆಲ್ಲ ಇಳಿದಿದ್ದವು. ನಮ್ಮ ಅಣ್ಣ ಹೆಗಲ ಮೇಲೆ ಮಾರುದ್ದದ ಒಂದು ಕೊಳವೆ ಹೊತ್ತುಕೊಂಡು ಮನೆ ಕಡೆ ನಡೆಯುತ್ತಿದ್ದ. ಒಬ್ಬನೇ.

ಅಣ್ಣ ಅಂದರೆ ನನ್ನ ದೊಡ್ಡಪ್ಪನ ಮಗ. ಗಡಿಯಾರ ರಿಪೇರಿ ಮಾಡುವವನು. ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಜೀವಮಾನವಿಡೀ ಹಲ್ಲುಚಕ್ರ ನೋಡಿದವನು. ಮನೆಯಲ್ಲಿ ಎಲ್ಲರೂ ಅವನನ್ನು ಭೂತಗನ್ನಡಿ ಅಂತಲೇ ಕರೆಯುತ್ತಿದ್ದೆವು. ನಾನು ಮದುವೆಯಾಗಿ ಇಷ್ಟು ದೂರ ಬಂದ ಮೇಲೆ ಅವನ ಸುದ್ದಿಯೆಲ್ಲ ಅತ್ತಿಗೆಯ ಫೋನಿನಿಂದಲೇ ನನಗೆ ಗೊತ್ತಾಗುತ್ತಿದ್ದದ್ದು. ಅತ್ತಿಗೆ ಉಪ್ಪು ಖಾರ ಹಚ್ಚಿ ಮಾತಾಡುವವರಲ್ಲ. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ… ಇದು ನಡೆದದ್ದು.

ಆ ವರ್ಷ ಕಣ್ಣಿನ ಡಾಕ್ಟರು ಅಣ್ಣನಿಗೆ ಹೇಳಿಬಿಟ್ಟಿದ್ದರು. ಕಣ್ಣೊಳಗೆ ಒತ್ತಡ ಏರಿದೆ. ಎಡಗಣ್ಣು ಆಗಲೇ ಹೋಗಿದೆ. ಬಲಗಣ್ಣು ಈ ಚಳಿಗಾಲ ದಾಟಿದರೆ ಹೆಚ್ಚು.

ಅಣ್ಣ ಅಳಲಿಲ್ಲ. "ಶನಿಯ ಬಳೆ ನೋಡಬೇಕು ಕಣೇ. ಚಿತ್ರದಲ್ಲಲ್ಲ, ಕಣ್ಣಾರೆ. ಆಮೇಲೆ ಕತ್ತಲಾದರೂ ಆಗಲಿ" ಅಂತ ಅತ್ತಿಗೆಗೆ ಅಂದನಂತೆ. ಊರು ಬಿಟ್ಟು ಹೋಗುತ್ತಿದ್ದ ಮೇಷ್ಟ್ರೊಬ್ಬರು ತಮ್ಮ ಹಳೆಯ ಟೆಲಿಸ್ಕೋಪನ್ನು ಅವನಿಗೆ ಕೊಟ್ಟರು. ಮುಚ್ಚಳ ಕಳೆದುಹೋಗಿತ್ತು. "ಒಳಗೆ ಕನ್ನಡಿ ಇದೆ. ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಹೋಗಿ, ತೆಗೀಬೇಡಿ" ಅಂದರು. ಅಣ್ಣ ತನ್ನ ಕರ್ಚೀಫು ಕಟ್ಟಿದ.

ದಾರಿಯಲ್ಲಿ ಒಂದು ಹಾಳು ಬಾವಿ. ಅಷ್ಟು ಹೊತ್ತಿಗೆ ಹೆಗಲು ಕಿತ್ತುಬರುತ್ತಿತ್ತು. ಕೆಳಗೆ ಇಟ್ಟರೆ ಜಲ್ಲಿಗೆ ಗೀರು ಬೀಳುತ್ತದೆ ಅಂತ ಕೊಳವೆಯನ್ನು ಬಾವಿಯ ಕಟ್ಟೆಯ ಮೇಲೆ ಒರಗಿಸಿದ. ಬೆವರು ಒರೆಸಿಕೊಳ್ಳೋಕೆ ಕರ್ಚೀಫು ಬಿಚ್ಚಿದ. ಕೊಳವೆಯ ಬಾಯಿ ಬಾವಿಯ ಕಡೆಗಿತ್ತು… ಕೆಳಕ್ಕೆ.

ತೊಟ್.

ಒಂದೇ ಹನಿ. ನೀರಿಗೆ ಬಿದ್ದ ಸದ್ದು ಹಾಗಿರುವುದಿಲ್ಲ. ತಗಡಿಗೆ ಬಿದ್ದ ಸದ್ದು.

ಅಣ್ಣ ಕೊಳವೆಯೊಳಗೆ ಬೆರಳಾಡಿಸಿ ನೋಡಿದ. ಒಣಗಿತ್ತು. ಮತ್ತೆ ಕರ್ಚೀಫು ಕಟ್ಟಿ ಹೊರಟ.

ಮನೆ ಬಾಗಿಲು ತೆಗೆದ ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಶನಿ ಹೆಗಲೇರ್ತಾನೆ ಅಂತ ಕೇಳಿದ್ದೆ. ನೀವೇ ಹೆಗಲ ಮೇಲೆ ಹೊತ್ತುಕೊಂಡು ಬಂದ್ರಲ್ಲ!"

ಅಲ್ಲಿಂದ ಶುರುವಾಯಿತು ನೋಡಿ ಪೀಡೆ. ದೆವ್ವದ್ದಲ್ಲ, ಆಕಾಶದ್ದು.

ಮೊದಲ ದಿನ ಮೋಡ. ಎರಡನೇ ದಿನವೂ ಮೋಡ. ಮೋಡ ಸರಿದ ದಿನ ಊರ ಮೇಲೆ ಹೊಗೆ, ಹಾಲಿಗೆ ನೀರು ಬೆರೆಸಿದಂಥ ಮಬ್ಬು. ಹೊಗೆ ಇಲ್ಲದ ದಿನ ಪಕ್ಕದ ಮನೆ ಬೇಕರಿಯವನ ಹ್ಯಾಲೋಜನ್ ದೀಪ. ಅದು ಜುಂಯ್ ಅನ್ನುತ್ತ ನೇರ ಹಿತ್ತಲಿಗೇ ಬೀಳುತ್ತಿತ್ತು. ಮೊದಲೇ ಸೋತ ಕಣ್ಣು, ಬೆಳಕು ತಾಗಿದರೆ ನೀರು ಸುರಿಯುತ್ತಿತ್ತು.

ಅಣ್ಣ ಗೋಡೆಯಾಚೆ ಕತ್ತು ಚಾಚಿ ಕೇಳಿದ. "ಒಂದು ಗಂಟೆ ಆರಿಸ್ತೀರಾ?"

"ಕಳ್ಳರ ಕಾಟ ಸಾರ್. ನಿಮ್ಮ ಶನಿ ಎಲ್ಲೂ ಓಡಿಹೋಗಲ್ಲ. ನನ್ನ ಸೈಕಲ್ ಓಡಿಹೋಗುತ್ತೆ."

ದೀಪಕ್ಕೆ ಅಡ್ಡವಾಗಿ ಅಣ್ಣ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟ. ಅವತ್ತು ಕನ್ನಡಿಯ ಮೇಲೆ ಇಬ್ಬನಿ ಕೂತಿತು. ಮಗಳ ಹೇರ್ ಡ್ರೈಯರ್ ತಂದು ಒಣಗಿಸಿದ. ಒಣಗಿಸಿ ಕಣ್ಣಿಡುವಷ್ಟರಲ್ಲಿ ಮತ್ತೆ ಮೋಡ. ಒಂದು ರಾತ್ರಿ ಶನಿ ಸಿಕ್ಕೇಬಿಟ್ಟಿತು. ಆದರೆ ಗಾಳಿ ಕೆಟ್ಟಿತ್ತು. ಕುದಿಯುವ ನೀರಿನ ತಳದಲ್ಲಿ ಬಿದ್ದ ಅಕ್ಕಿಕಾಳಿನ ಹಾಗೆ ಅದು ಕುಣಿದೇ ಕುಣಿಯಿತು. ಬಳೆಯೂ ಇಲ್ಲ, ಬಿಲ್ಲೆಯೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಣ್ಣ ಸ್ಟೂಲನ್ನು ಒದ್ದನಂತೆ. ಸಿಟ್ಟಿಗೆ ಸ್ಟೂಲು ಬೀಳಲಿಲ್ಲ, ಇವನ ಕಾಲೇ ಊದಿಕೊಂಡಿತು.

"ಊರಿಗೆಲ್ಲ ಶನಿ ಬಿಟ್ಟರೆ ಸಾಕು. ನಿಮಗೆ ಮಾತ್ರ ಹಿಡೀಲಿಲ್ಲ ಅಂತ ದುಃಖ" ಅಂದರು ಅತ್ತಿಗೆ, ಎಣ್ಣೆ ಹಚ್ಚುತ್ತ. ನಗುತ್ತಲೇ ಅಂದರು. ಆದರೆ ಆವತ್ತು ಬೆಳಿಗ್ಗೆ ಅಣ್ಣ ಷರಟಿನ ಗುಂಡಿ ಹಾಕಿಕೊಳ್ಳೋಕೆ ತಡಕಾಡಿದ್ದನ್ನು ಅವರು ನೋಡಿದ್ದರು.

ಟೆಲಿಸ್ಕೋಪಿನ ಬೆನ್ನಿಗೆ ಗುರಿ ಹಿಡಿಯೋಕೆ ಒಂದು ಪುಟ್ಟ ಕೊಳವೆ ಇರುತ್ತದೆ. ಎರಡೂ ಒಂದೇ ಕಡೆ ನೋಡುವ ಹಾಗೆ ಸರಿಪಡಿಸಿಕೊಳ್ಳಬೇಕು. ಆಕಾಶ ಕೆಟ್ಟಿರುವ ದಿನ ಅದನ್ನು ನೆಲದ ಮೇಲಿನ ದೂರದ ವಸ್ತುವಿಗೆ ಹಿಡಿದೇ ಸರಿಮಾಡಿಕೊಳ್ಳುತ್ತಾರೆ. ಅಣ್ಣ ಊರಾಚೆಯ ನೀರಿನ ಟ್ಯಾಂಕಿಗೆ ಹಿಡಿದ. ಅದರ ನೆತ್ತಿಯ ಮೇಲೆ ದೀಪವಿತ್ತು.

ಟ್ಯಾಂಕಿನ ಪಕ್ಕ ಒಬ್ಬಳು ಹೆಂಗಸು.

ಒಂದು ಕ್ಷಣ ಕಂಡಳು. ಮಬ್ಬು ಬಂತು. ಹೋದಳು. ನೀರು ಬಿಡುವವಳಿರಬೇಕು ಅಂದುಕೊಂಡ ಅಣ್ಣ.

ಮಾರನೆಯ ದಿನ ಫೋನ್ ಟವರಿಗೆ ಹಿಡಿದ. ಅಲ್ಲೂ ಅವಳೇ. ಒದ್ದೆ ಕೂದಲು.

ಅಣ್ಣ ಅಡುಗೆಮನೆಗೆ ಬಂದು ಹೇಳಿದ. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರು. "ಓಹೋ! ನಕ್ಷತ್ರ ಅಂತ ನಮಗೆ ಹೇಳಿ, ಇವರು ಹೆಂಗಸರನ್ನು ನೋಡ್ತಾ ಕೂತಿದ್ದಾರೆ. ಎಲ್ಲಿ, ನಾನೂ ನೋಡ್ತೀನಿ ನಿಮ್ಮ ಸುಂದರಿಯನ್ನ."

ಕೈ ಒರೆಸಿಕೊಂಡು ಹಿತ್ತಲಿಗೆ ಬಂದರು. ಅವರು ಆ ದೊಡ್ಡ ಕೊಳವೆಯಲ್ಲಿ ಕಣ್ಣಿಟ್ಟದ್ದು ಅದೇ ಮೊದಲು.

"ಇದೇನ್ರೀ, ಟವರ್ರೇ ತಲೆಕೆಳಗು?"

"ಅದು ಹಾಗೇನೇ. ಕನ್ನಡಿಯ ಗುಣ. ಆಕಾಶದಲ್ಲಿ ಮೇಲೇನು, ಕೆಳಗೇನು. ನನಗೆ ರೂಢಿಯಾಗಿದೆ, ಮನಸ್ಸಿನಲ್ಲೇ ತಿರುಗಿಸ್ಕೋತೀನಿ."

ಅತ್ತಿಗೆ ಕೊಳವೆಯಿಂದ ಕಣ್ಣು ತೆಗೆಯಲಿಲ್ಲ. ಬೇಕರಿಯವನ ದೀಪ ಜುಂಯ್ ಅನ್ನುತ್ತಿತ್ತು.

"ಎಲ್ಲಾನೂ ತಲೆಕೆಳಗೇ ಕಾಣುತ್ತಾ?" ಅತ್ತಿಗೆಯ ದನಿ ಇಳಿದಿತ್ತು.

"ಎಲ್ಲಾನೂ."

"ಮತ್ತೆ… ಅವಳ್ಯಾಕೆ ನೆಟ್ಟಗೆ ನಿಂತಿದ್ದಾಳೆ?"

ಇಷ್ಟು ದಿನ ತಿರುಗಿಸಿ ತಿರುಗಿಸಿ ನೋಡಿದ ಮನಸ್ಸು. ಅವಳೊಬ್ಬಳನ್ನು ತಿರುಗಿಸಲೇ ಇಲ್ಲ ಅನ್ನುವುದು ಅಣ್ಣನಿಗೆ ಹೊಳೆದೇ ಇರಲಿಲ್ಲ. ಟವರು ತಲೆಕೆಳಗು. ಅದರ ಕೆಂಪು ದೀಪ ಅಡಿಯಲ್ಲಿ. ಅವಳ ತಲೆ ಮಾತ್ರ ಮೇಲೆ, ಕೂದಲು ಕೆಳಕ್ಕೆ… ಅಂದರೆ ಅವಳು ಟವರಿನ ಹತ್ತಿರ ಇಲ್ಲ. ಊರಾಚೆ ಇಲ್ಲ. ಕೊಳವೆಯೊಳಗೇ.

ಅತ್ತಿಗೆ ಕೊಳವೆಯಿಂದ ಹಿಂದೆ ಸರಿದರು. ಅದರ ಬಾಯಿಗೆ ಕಂಬಳಿ ಸುತ್ತಿದರು. ಅದನ್ನು ಒಳಗೆ ತರಿಸಿ, ಬೆಳಿಗ್ಗೆಯೇ ಮನೆಯಿಂದ ಸಾಗಿಸಬೇಕು ಅಂತ ಆಣೆ ಹಾಕಿಸಿದರು.

ಆದರೆ ಬೆಳಿಗ್ಗೆ ಮಳೆ. ಸಂಜೆಯವರೆಗೂ ಹುಯ್ಯಿತು. ಕತ್ತಲಾಗುವ ಹೊತ್ತಿಗೆ ನಿಂತಿತು. ಆಮೇಲೆ ಎಲ್ಲೋ ಢಬ್ ಅಂತು. ಕರೆಂಟು ಹೋಯಿತು. ಬೀದಿ ದೀಪ, ಬೇಕರಿಯವನ ದೀಪ, ಎಲ್ಲಾ.

ಅಣ್ಣ ಹಿತ್ತಲ ಬಾಗಿಲು ತೆಗೆದ. ತೊಳೆದಿಟ್ಟ ಆಕಾಶ. ಒಂದು ಚುಕ್ಕಿಯೂ ಮಿಣುಕುತ್ತಿರಲಿಲ್ಲ. ಅಷ್ಟು ನಿಶ್ಚಲ. ಗೋಡೆಯ ಮೇಲೆಯೇ ಶನಿ.

"ಬೇಡ" ಅಂದರು ಅತ್ತಿಗೆ.

"ಇಂಥ ರಾತ್ರಿ ಮತ್ತೆ ಬರುತ್ತೆ. ಬಂದಾಗ ನನಗೆ ಕಣ್ಣಿರುತ್ತಾ?"

ಅಣ್ಣ ಕೊಳವೆಯನ್ನು ಹಿತ್ತಲಿಗೆ ತಂದ. ಕಂಬಳಿಯ ಇನ್ನೊಂದು ತುದಿ ಅತ್ತಿಗೆಯೇ ಬಿಚ್ಚಿದರು.

ಮೂರುಕಾಲಿನ ಸ್ಟ್ಯಾಂಡಿನ ತಿರುಪು ಕಿರ್ರ್ ಅಂತು. ಅಣ್ಣ ಬಗ್ಗಿ ಕಣ್ಣಿಟ್ಟ. ಬಹಳ ಹೊತ್ತು.

"ಸಿಕ್ತಾ?" ಪಿಸುಗುಟ್ಟಿದರು ಅತ್ತಿಗೆ.

"ಸಿಕ್ತು. ಆದರೆ… ಅಡ್ಡ ನಿಂತಿದ್ದಾಳೆ."

"ಬಿಟ್ಟು ಬನ್ನಿ. ದಮ್ಮಯ್ಯ ಅಂತೀನಿ."

ಅಣ್ಣನಿಗೆ ಹೆದರಿಕೆಯೇ ಇರಲಿಲ್ಲವಂತೆ. ಬರೀ ಸಿಟ್ಟು. "ಇಷ್ಟು ದಿನ ಮೋಡ ಅಡ್ಡ. ಹೊಗೆ ಅಡ್ಡ. ಆ ದರಿದ್ರ ದೀಪ ಅಡ್ಡ. ಎಲ್ಲಾ ಸರಿಹೋದ ದಿನ ಇವಳು!" ಆಮೇಲೆ ಕೊಳವೆಯ ಬಾಯಿಯ ಹತ್ತಿರ ಹೋಗಿ, ತುಂಬಿದ ಬಸ್ಸಿನಲ್ಲಿ ಮುಂದೆ ನಿಂತವರಿಗೆ ಹೇಳುತ್ತಾರಲ್ಲ, ಹಾಗೆ ಹೇಳಿದ. "ಸ್ವಲ್ಪ ಸರಿಯಮ್ಮಾ. ನನಗೆ ಹೆಚ್ಚು ದಿನ ಇಲ್ಲ."

ತೊಟ್.

ಅತ್ತಿಗೆಗೂ ಕೇಳಿಸಿತು. ಕೊಳವೆಯ ಒಳಗಿಂದ.

ಅಣ್ಣ ಮತ್ತೆ ಕಣ್ಣಿಟ್ಟ. ಒಂದು ಸಲ ಉಸಿರು ಎಳೆದುಕೊಂಡ. "ಕಾಣ್ತು" ಅಂದ. "ಬಳೆ ಕಣೇ… ಸುತ್ತಲೂ… ನಡುವೆ ಒಂದು ಕಪ್ಪು ಗೆರೆ. ಯಾರೋ ಕೂತು ಅರ ಹಾಕಿ ಮಾಡಿದ ಹಾಗಿದೆ." ಅವನು ಅಳುತ್ತಿದ್ದ.

"ಅವಳು?"

"ಸರಿದಳು."

"ಸರಿದು ಎಲ್ಲಿಗೆ ಹೋದಳು?"

ಅಣ್ಣ ಕೊಳವೆಯಿಂದ ಮುಖ ಎತ್ತಿದ. ಅತ್ತಿಗೆಯ ಕಡೆ ತಿರುಗಿದ. ನೋಡಿದ. ಕತ್ತನ್ನು ಒಂದು ಕಡೆಗೆ ವಾಲಿಸಿದ… ಇನ್ನೂ ವಾಲಿಸಿದ… ಕಿವಿ ಹೆಗಲಿಗೆ ತಾಗುವವರೆಗೆ.

"ನೀನ್ಯಾಕೆ ತಲೆಕೆಳಗೆ ನಿಂತಿದ್ದೀಯ?" ಅಂದ.

ಇದನ್ನು ಅತ್ತಿಗೆ ನನಗೆ ಫೋನಿನಲ್ಲಿ ಹೇಳಿದ್ದು ಪಿಸುದನಿಯಲ್ಲಿ, ಅವನು ಪಕ್ಕದ ಕೋಣೆಯಲ್ಲಿದ್ದಾನೆ ಅಂತ. ನಾನು ನಂಬಲಿಲ್ಲ. ಮುಂದಿನ ವರ್ಷ ಹೋಗಿ ಬಂದೆ. ಒಂದು ಹಗಲು, ಒಂದು ರಾತ್ರಿ ರೈಲು. ಚಳಿಗಾಲ ದಾಟಿ ಬೇಸಿಗೆಯೂ ಕಳೆದಿತ್ತು. ಅಣ್ಣನ ಬಲಗಣ್ಣು ಹೋಗಿರಲಿಲ್ಲ. ಡಾಕ್ಟರು ಮೂರು ಸಲ ಪರೀಕ್ಷೆ ಮಾಡಿದರಂತೆ. ಕೊನೆಗೆ, ಇದು ನಿಮ್ಮ ವಯಸ್ಸಿನ ಕಣ್ಣೇ ಅಲ್ಲ, ಯಾರೋ ಚಿಕ್ಕವರ ಕಣ್ಣಿದ್ದ ಹಾಗಿದೆ ಅಂದರಂತೆ. ಕಣ್ಣು ಸೋತಾಗ ಮುಚ್ಚಿದ್ದ ಅಂಗಡಿಯನ್ನು ಮತ್ತೆ ತೆಗೆದಿದ್ದ. ಕೈಗಡಿಯಾರಗಳು ಸರಿಯಾಗಿಯೇ ರಿಪೇರಿಯಾಗುತ್ತಿದ್ದವು.

ನಾನು ಬಾಗಿಲಲ್ಲಿ ನಿಂತಾಗ ಅಣ್ಣ ನನ್ನ ಮುಖ ನೋಡಿದ. ಗುರುತು ಹತ್ತಲಿಲ್ಲ. "ನಾನು ಕಣೋ" ಅಂದ ಮೇಲೆ ನಕ್ಕ. "ಬಾ ಬಾ, ಕೂತ್ಕೋ" ಅಂದ. ಮಾತು, ನಗು, ಎಲ್ಲಾ ಮೊದಲಿನ ಹಾಗೇ.

ಎದುರು ಗೋಡೆಯಲ್ಲಿ ದೊಡ್ಡ ಗಡಿಯಾರ ಟಕ್ ಟಕ್ ಅನ್ನುತ್ತಿತ್ತು. ಗಂಟೆ ಎಷ್ಟು ಅಂತ ನೋಡಿದೆ. ಅತ್ತಿಗೆ ನನ್ನ ಕೈ ಒತ್ತಿದರು, ಕೇಳಬೇಡ ಅನ್ನುವ ಹಾಗೆ.

ನೀವು ನಂಬಿ, ಬಿಡಿ. ನಾನು ಅದರ ಎದುರೇ ಕೂತು ಕಾಫಿ ಕುಡಿದಿದ್ದೇನೆ. ಗಡಿಯಾರ ಸರಿಯಾಗಿಯೇ ನಡೆಯುತ್ತಿತ್ತು. ಹನ್ನೆರಡು ಕೆಳಗಿತ್ತು.